ತೊಗರಿ ನಡುವಿನ ಅಂಬರಾಯ ಮಾಸ್ತರರು

ಅಂಬರಾಯ ಮಾಸ್ತರರ ನಡಿಗೆಯನ್ನು ಹಿಂದಿನಿಂದ ನೋಡಬೇಕು. ಸೇಡಂ ಬಸ್ ನಿಲ್ದಾಣದ ಮುಂದಿನ ರಸ್ತೆ ಎರಡು ಸಿಮೆಂಟ್ ಲಾರಿಗಳು ಎದುರುಬದುರಾಗಿ ನಿಶ್ಚಿಂತೆಯಿಂದ ಸಾಗುವಷ್ಟು ಅಗಲವಾಗಿದ್ದರೂ ಅವರಿಗೆ ಅದರಲ್ಲಿ ಬೇಕಾಗುವುದು ಒಂದು ಗೇಣು ಮಾತ್ರ. ಎಡಗಾಲು ಊರಿದಲ್ಲಿಗೆ ನೇರವಾಗಿ ಬಲಗಾಲು, ಬಲಗಾಲಿನ ಮುಂದೆಯೇ ಮತ್ತೆ ಎಡಗಾಲು, ಎರಡೂ ಮಗ್ಗುಲಲ್ಲಿ ಕೂಸುಗಳು ಮಲಗಿವೆ, ತುಳಿದರೆ ಪಾಪ ಬಂದೀತು ಎಂಬ ಎಚ್ಚರದಲ್ಲಿ ಅವರು ಹೋಗುತ್ತಾರೆ. ಮೊದಲ ಸಲ ನೋಡಿದಾಗ ನಾನು ಮನಸ್ಸಿನಲ್ಲೇ ನಕ್ಕಿದ್ದೆ. ಆಮೇಲೆ ತಿಳಿಯಿತು: ಕಾಗಿಣಾ ದಂಡೆಯ ಮನೆತನದ ಈ ಮನುಷ್ಯ ಹತ್ತನೆಯ ವಯಸ್ಸಿನಿಂದ ಹದಿನೇಳರವರೆಗೆ ಕಂಡವರ ಹೊಲಗಳಲ್ಲಿ ಎತ್ತಿನ ಹಿಂದೆ ಎಡೆಕುಂಟೆ ಹೊಡೆದವರು. ಬೆಳೆದ ಪೈರಿನ ಎರಡು ಸಾಲುಗಳ ನಡುವೆ ಏಳು ವರ್ಷ ನಡೆದ ಕಾಲಿಗೆ, ಪೈರಿಲ್ಲದ ಡಾಂಬರಿನ ಮೇಲೂ ಪೈರು ಕಾಣುತ್ತಿದ್ದರೆ ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ.

ಐನಾಪುರದ ಆಚೆಗಿನ ಒಂದು ಸಣ್ಣ ಊರಿನ ಪ್ರೌಢಶಾಲೆಯಲ್ಲಿ ಅವರು ದೈಹಿಕ ಶಿಕ್ಷಕರು. ಆ ಊರಿಗೆ ನನ್ನ ತಂಗಿಯನ್ನು ಕೊಟ್ಟಿದೆ. ಹೀಗಾಗಿ ನಾನು ಸೇಡಂನಿಂದ ತಿಂಗಳಿಗೊಮ್ಮೆ ಬಸ್ಸು ಹತ್ತುವುದು, ಅವರು ನನ್ನ ಪಕ್ಕದ ಸೀಟಿನಲ್ಲಿ ಚೆಂಡನ್ನು ಮಡಿಲಲ್ಲಿಟ್ಟುಕೊಂಡು ಕೂಡುವುದು ರೂಢಿಯಾಗಿ ಹೋಯಿತು. ನಮ್ಮ ಕಡೆಯ ಬೇಸಿಗೆ ಹೇಗಿರುತ್ತದೆಂದು ಗೊತ್ತಿದ್ದವರು ನಂಬಲಾರರು, ಆದರೆ ವೈಶಾಖದ ಬಿಸಿಲಿನಲ್ಲೂ ಅವರ ಮೈಮೇಲೆ ಒಂದು ಕಂದು ಬಣ್ಣದ ಕೋಟು. ಅದರ ಜೇಬುಗಳು ಸಣ್ಣದೊಂದು ಕಿರಾಣಿ ಅಂಗಡಿ: ಬೆಲ್ಲದ ಹೆಂಟೆ, ಪಂಕ್ಚರ್ ಅಂಟಿಸುವ ರಬ್ಬರು, ಅಂಗಾಲಿನ ಮುಳ್ಳು ಕೀಳುವ ಚಿಮಟ, ಕಾಗದದಲ್ಲಿ ಕಟ್ಟಿದ ಸುಣ್ಣದ ಪುಡಿ. "ಕೋಟು ಬಿಚ್ಚ್ರಿ ಮಾಸ್ತರ್ರೆ, ನೋಡಿದರೆ ನನಗೇ ಬೆವರು ಬರುತ್ತದೆ" ಎಂದರೆ, "ಜರಾ ಸೆಕಿ ಅದ್ರಿ ಸರ್, ಖರೆ, ಸಾಮಾನ ಎಲ್ಲಿ ಇಡ್ಲಿ?" ಎನ್ನುತ್ತಿದ್ದರು.

ಈ 'ಜರಾ', ಎಂದರೆ ತುಸು, ಅವರ ನಾಲಗೆಗೆ ಅಂಟಿಕೊಂಡ ಪದ. ಜಗತ್ತಿನ ಸಕಲ ಕಷ್ಟಗಳನ್ನೂ ಅವರು ಈ ಎರಡಕ್ಷರದಲ್ಲಿ ಅದ್ದಿ ಮೆತ್ತಗೆ ಮಾಡಿಕೊಳ್ಳುತ್ತಿದ್ದರು. ಹುಡುಗಿಯರ ಫುಟ್ಬಾಲ್ ತಂಡ ಕಟ್ಟಿದ ಮೊದಲ ವರ್ಷ ಚಿಂಚೋಳಿಯಲ್ಲಿ ಆಡಿಸಿ ಹಿಂದಿರುಗುತ್ತಿದ್ದವರು ಬಸ್ಸಿನಲ್ಲಿ ಸಿಕ್ಕಾಗ ನಾನು ಆಟ ಏನಾಯಿತೆಂದು ಕೇಳಿದೆ.

"ಜರಾ ಸೋತೀವ್ರಿ."

"ಎಷ್ಟು ಗೋಲಿಗೆ?"

"ಆರು."

"ನಿಮ್ಮವರು ಎಷ್ಟು ಹೊಡೆದರು?"

"ಹೊಡೀಲಿಲ್ರಿ" ಎಂದು, ಕಿಟಕಿಯಾಚೆಗಿನ ತೊಗರಿ ಹೊಲವನ್ನು ಗಂಭೀರವಾಗಿ ನೋಡತೊಡಗಿದರು.

ಆಡಲು ಅವರಿಗೆ ಮೈದಾನವೇ ಇರಲಿಲ್ಲ. ಶಾಲೆಯ ಅಂಗಳದ ಅರ್ಧವನ್ನು ನೀರಿನ ಟಾಕಿ ನುಂಗಿತ್ತು, ಉಳಿದರ್ಧವನ್ನು ಹೊಸ ಕೋಣೆಗಳು. ಮುಖ್ಯೋಪಾಧ್ಯಾಯಿನಿ ಲಲಿತಾಬಾಯಿಯವರಲ್ಲಿ ದೂರಿಕೊಂಡರೆ ಅವರು, "ಕುಣಿಯಲಿಕ್ಕೆ ಬಾರದಾಕಿ ನೆಲ ಡೊಂಕು ಅಂದ್ಲಂತ" ಎಂದು ನಕ್ಕುಬಿಟ್ಟರು. ನೆಲ ಡೊಂಕಾಗಿದ್ದರೆ ಅಂಬರಾಯರು ಸುಮ್ಮನಿರುತ್ತಿದ್ದರು. ಇಲ್ಲಿ ನೆಲವೇ ಇರಲಿಲ್ಲ. ಕೊನೆಗೆ ಅವರು ಹೋದದ್ದು ಊರಿನ ದೊಡ್ಡ ರೈತ ಗುರುಲಿಂಗಯ್ಯನವರ ಬಳಿಗೆ. ಗುರುಲಿಂಗಯ್ಯನವರು ಮುಂಗಾರಿಗೆ ಹೊಲದ ತುಂಬ ತೊಗರಿ ಬಿತ್ತಿ, ನಡುವೆ ಉದ್ದಕ್ಕೂ ಒಂದು ಪಟ್ಟಿಯನ್ನು ಹಿಂಗಾರಿ ಜೋಳಕ್ಕೆಂದು ಖಾಲಿ ಬಿಡುವವರು. ಉದ್ದ ಬೇಕಾದಷ್ಟು, ಅಗಲ ಹತ್ತು ಮಾರು.

"ಆಡಸ್ರಿ ಮಾಸ್ತರ್ರ, ಯಾರ್ ಬ್ಯಾಡ ಅಂತಾರ? ಖರೆ, ತೊಗರಿ ಒಂದು ಗಿಡ ಮುರೀತಂದ್ರ ಅವತ್ತಿಗೇ ಬಂದ್" ಎಂದು ಅವರು ಹೇಳಿದರು. ಬಸವಣ್ಣನ ಹೆಸರು ಹೇಳದೆ ತುತ್ತು ಎತ್ತದ, ದಾಸೋಹಕ್ಕೆ ಚೀಲಗಟ್ಟಲೆ ಬೇಳೆ ಕೊಡುವ ಆ ಹಿರಿಯರು, ನಿಂತ ಗಿಡವೊಂದು ಮುರಿದರೆ ಮಾತ್ರ ಮನುಷ್ಯರಾಗಿ ಉಳಿಯುತ್ತಿರಲಿಲ್ಲ.

ಆ ಹತ್ತು ಮಾರಿನ ಪಟ್ಟಿಯೇ ಅಂಬರಾಯರ ಫುಟ್ಬಾಲನ್ನು ರೂಪಿಸಿತು. ಚೆಂಡನ್ನು ಎತ್ತಿ ಒದ್ದರೆ ತೊಗರಿಗೆ ಬೀಳುತ್ತದೆ, ಆದ್ದರಿಂದ ಒದೆಯುವಂತಿಲ್ಲ. ಪಕ್ಕಕ್ಕೆ ತಳ್ಳಿದರೂ ತೊಗರಿಯೇ. ಆದ್ದರಿಂದ ಪಕ್ಕದವಳಿಗೆ ಕೊಡುವುದೂ ಅಪಾಯ. ಉಳಿದದ್ದು ಒಂದೇ ದಾರಿ, ಚೆಂಡನ್ನು ಕಾಲಿನಲ್ಲಿಟ್ಟುಕೊಂಡು ನೇರವಾಗಿ ಓಡುವುದು. ಅದೂ ಎಂಥ ನೆಲದಲ್ಲಿ? ಶ್ರಾವಣದ ಜಿಟಿಜಿಟಿಯಲ್ಲಿ ನೆನೆದ ಎರೆಮಣ್ಣು ಹೆಜ್ಜೆಗೊಂದು ಸೇರು ಅಂಗಾಲಿಗೆ ಮೆತ್ತಿಕೊಳ್ಳುವ ನೆಲದಲ್ಲಿ. ಪಟ್ಟಿಯ ಎರಡೂ ಅಂಚಿಗೆ ಅವರು ಕೋಟಿನ ಜೇಬಿನಿಂದ ಸುಣ್ಣ ತೆಗೆದು ದಪ್ಪನೆಯ ಗೆರೆ ಎಳೆಯುತ್ತಿದ್ದರು. ಗೆರೆ ಮುಟ್ಟಿದ ಹುಡುಗಿ ಹೊಲದ ಸುತ್ತ ಒಂದು ಸುತ್ತು ಓಡಬೇಕು, ದಾಟಿದರೆ ಮೂರು. ಎರಡು ವರ್ಷದಲ್ಲಿ ಆ ಹದಿಮೂರು ಹುಡುಗಿಯರು ಕಣ್ಣು ಕಟ್ಟಿ ಬಿಟ್ಟರೂ ಸುಣ್ಣದ ಗೆರೆಯ ಮುಂದೆ ಗಕ್ಕನೆ ನಿಲ್ಲುವಷ್ಟು ಪಳಗಿದರು.

ಎಡವಟ್ಟಾದದ್ದು ಇಲ್ಲಿಯೇ. ಹೋದ ವರ್ಷದ ಹಿಂದಿನ ವರ್ಷ ಅವರ ತಂಡ ಚಿತ್ತಾಪುರದಲ್ಲಿ ಆಡಿತು. ನನಗೆ ಆಟಗಳೆಂದರೆ ಅಷ್ಟಕ್ಕಷ್ಟೇ. ಆದರೂ ಅವರ ಮುಲಾಜಿಗೆ ಕಟ್ಟುಬಿದ್ದು ಹೋಗಿದ್ದೆ. ನಾಯಕಿ ಭೀಮಮ್ಮ ಚೆಂಡು ತೆಗೆದುಕೊಂಡು ಓಡಿದ ಓಟಕ್ಕೆ ಎದುರಿನವರು ದಿಕ್ಕೆಟ್ಟರು. ನಡುಗೆರೆಯಲ್ಲಿ ಕೊಂಚ ತಡವರಿಸಿ ದಾಟಿದಳು. ಆದರೆ ಗೋಲಿನ ಮುಂದೆ ಸುಣ್ಣದಲ್ಲಿ ಎಳೆದ ದೊಡ್ಡ ಚೌಕದ ಗೆರೆ ಬಂದದ್ದೇ, ಹುಡುಗಿ ನಿಂತುಬಿಟ್ಟಳು. ಅವಳ ಹಿಂದೆ ಬಂದ ಇನ್ನಿಬ್ಬರೂ ಸಾಲಾಗಿ ನಿಂತರು. ಅಲ್ಲಿಂದಲೇ ಒದ್ದರು, ಒದ್ದು ಅಭ್ಯಾಸವಿಲ್ಲದ ಕಾಲುಗಳು, ಚೆಂಡು ಎತ್ತಲೋ ಹೋಯಿತು. ಆಟ ಮುಗಿಯುವ ತನಕ ಹೀಗೆ ಒಂಬತ್ತು ಸಲ. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಹಿಂದಿರುಗುವಾಗ ಮಾಸ್ತರರು 'ಜರಾ' ಎನ್ನಲಿಲ್ಲ. "ಹುಡುಗ್ಯಾರ ತಪ್ಪಿಲ್ರಿ ಸರ್. ಗೆರಿ ಹಾಕಿದಾಂವ ನಾ" ಎಂದಷ್ಟೇ ಹೇಳಿದರು.

ಮುಂದಿನ ಒಂದು ವರ್ಷ ಅವರು ಪಟ್ಟ ಪಾಡು ಹೇಳತೀರದು. ಕಲಿಸುವುದು ಕಷ್ಟ, ಕಲಿಸಿದ್ದನ್ನು ಮರೆಸುವುದು ಅದಕ್ಕಿಂತ ಕಷ್ಟ. ಶಾಲೆಯ ಪಡಸಾಲೆಯಲ್ಲಿ, ನೀರಿನ ಟಾಕಿಯ ಸುತ್ತ, ಹನುಮಂತ ದೇವರ ಗುಡಿಯ ಮುಂದಿನ ಹಾದಿಯಲ್ಲಿ ಸುಣ್ಣದ ಗೆರೆ ಎಳೆದು ಹುಡುಗಿಯರನ್ನು ದಾಟಿಸಿದರು. ಅಲ್ಲೆಲ್ಲ ಅವರು ನಗುತ್ತ ದಾಟಿದರು. ಹೊಲದ ಪಟ್ಟಿಯಲ್ಲಿ ಮಾತ್ರ ದಾಟುವಂತಿರಲಿಲ್ಲ, ಅಲ್ಲಿ ತೊಗರಿ ನಿಜವಾಗಿಯೂ ನಿಂತಿತ್ತು. ಅಷ್ಟರಲ್ಲಿ ಗುರುಲಿಂಗಯ್ಯನವರು ಇನ್ನೊಂದು ಬಾಂಬು ಹಾಕಿದರು. "ಜೋಳ ಕೊಯ್ಯಾಕ ಆಳು ಸಿಗವಲ್ರು ಮಾಸ್ತರ್ರ. ಬರೂ ಮುಂಗಾರಿಗೆ ಆ ಪಟ್ಟಿಗೂ ತೊಗರಿ ಹಾಕತೀನಿ." ಮಾಸ್ತರರ ಮುಖ ಕಂಡು ಕೊಂಚ ಕರಗಿ, "ಆಯ್ತು, ಈ ಸಲ ಜಿಲ್ಲಾದಾಗ ಗೆದ್ದು ಬರ್ರಿ, ಪಟ್ಟಿ ನಿಮಗೇ ಬಿಡತೀನಿ. ಸೋತ್ರ ತೊಗರಿ" ಎಂದರು. ಹದಿಮೂರು ಹುಡುಗಿಯರಿಗೆ ಓಡಲು ಭೂಮಿಯ ಮೇಲಿದ್ದ ಜಾಗ ಅದೊಂದೇ. ಅದು ಹೋದರೆ ತಂಡವೂ ಹೋದಂತೆಯೇ.

ಅಂತೂ ಅವರು ಓಡಿ ಓಡಿ ತಾಲೂಕು ಗೆದ್ದರು, ಓಡಿ ಓಡಿಯೇ ಜಿಲ್ಲೆಯ ಅಂತಿಮ ಆಟಕ್ಕೂ ಬಂದರು. ಆ ಆಟಗಳಲ್ಲೆಲ್ಲ ಗೆರೆಗಳು ತೆಳ್ಳಗಿದ್ದವು, ಮಳೆಗೆ ತೊಳೆದು ಹೋಗಿದ್ದವು, ದೇವರು ದೊಡ್ಡವನು. ಅಂತಿಮ ಆಟ ನಡೆದದ್ದು ವಾಡಿಯಲ್ಲಿ. ಎದುರಿಗೆ ಶಹಾಬಾದ ಕಡೆಯ ಒಂದು ಶಾಲೆಯ ತಂಡ. ಎಲ್ಲರ ಕಾಲಿಗೂ ಒಂದೇ ಬಣ್ಣದ ಬೂಟು. ನಮ್ಮ ಹುಡುಗಿಯರನ್ನು ಗುರುಲಿಂಗಯ್ಯನವರೇ ತಮ್ಮ ಟೆಂಪೋದಲ್ಲಿ ಕೂಡಿಸಿಕೊಂಡು ಬಂದಿದ್ದರು. ಸೋಲುವುದನ್ನು ಕಣ್ಣಾರೆ ನೋಡಲು ಎಂದು ನಾನು ಕುಹಕದಿಂದ ಅಂದುಕೊಂಡೆ. ಮೈದಾನಕ್ಕೆ ಕಾಲಿಟ್ಟ ಮಾಸ್ತರರು ಅಲ್ಲಿಯೇ ನಿಂತರು. ಯಾರೋ ಶ್ರದ್ಧಾವಂತರು ಅಂದು ಬೆಳಿಗ್ಗೆಯೇ ಹೊಸ ಸುಣ್ಣದಲ್ಲಿ ಗೆರೆಗಳನ್ನು ಎಳೆದಿದ್ದರು. ಒಂದೊಂದು ಗೆರೆಯೂ ಅಂಗೈಯಗಲ.

ಹತ್ತನೆಯ ನಿಮಿಷಕ್ಕೆ ಎದುರಿನವರು ಒಂದು ಗೋಲು ಹೊಡೆದರು. ಭೀಮಮ್ಮ ಮೂರು ಸಲ ಚೆಂಡು ತೆಗೆದುಕೊಂಡು ಅರ್ಧ ಮೈದಾನ ಓಡಿದಳು. ಗಟ್ಟಿ ಮೊರಂ ನೆಲದಲ್ಲಿ ಆ ಕಾಲುಗಳಿಗೆ ಭಾರವೇ ಇರಲಿಲ್ಲ. ಹೆಜ್ಜೆಗೊಂದು ಸೇರು ಮಣ್ಣು ಎತ್ತಿದವಳಿಗೆ ಬರಿಗಾಲು ಎತ್ತುವುದು ಯಾವ ಲೆಕ್ಕ? ಮೂರು ಸಲವೂ ಬೂಟಿನವರನ್ನು ಹಿಂದೆ ಹಾಕಿ ಚೌಕದ ಗೆರೆಯವರೆಗೆ ಬಂದಳು. ಮೂರು ಸಲವೂ ನಿಂತಳು.

ಅರ್ಧ ಆಟದ ವಿರಾಮದಲ್ಲಿ ಮಾಸ್ತರರು ಎಲ್ಲರ ಅಂಗೈಗೆ ಬೆಲ್ಲ ಹಾಕಿದರು. ಬೈಯಲಿಲ್ಲ. "ಗೆರಿ ಇಲ್ಲಂತ ತಿಳಕೊಂಡು ಹೋಗ್ರವ್ವಾ" ಎಂದರು.

ಭೀಮಮ್ಮ ತಲೆ ತಗ್ಗಿಸಿದಳು. "ತೆಲಿಗೆ ಗೊತ್ತದ್ರಿ ಸರ್. ಕಾಲು ಕೇಳವಲ್ಲವು."

ಟೆಂಪೋದ ನೆರಳಿನಲ್ಲಿ ನಿಂತಿದ್ದ ಗುರುಲಿಂಗಯ್ಯನವರು ಹತ್ತಿರ ಬಂದರು. "ಓಡೋದು ಭಾಳ ಛಂದ ಓಡತಾಳ. ಕಡೀಕ ಯಾಕ ನಿಂದರತಾಳ?"

ಮಾಸ್ತರರು ಉಳಿದ ಬೆಲ್ಲವನ್ನು ಕೋಟಿನ ಜೇಬಿಗೆ ಹಾಕಿದರು. "ಸಾವ್ಕಾರ್ರ, ಆಕಿ ಬಸ್ಸಮ್ಮನ ಮಗಳು. ಸುಣ್ಣದ ಗೆರಿ ಆಚಿಗೆ ಆಕಿಗಿ ನಿಮ್ಮ ತೊಗರಿ ಕಾಣಸ್ತದ್ರಿ."

ಬಸ್ಸಮ್ಮ ಗುರುಲಿಂಗಯ್ಯನವರ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಗಳು. ಆಟ ಶುರುವಾದ ವರ್ಷ ಒಂದೇ ಒಂದು ಗಿಡ ಮುರಿದಿತ್ತು, ಭೀಮಮ್ಮನ ಕಾಲಿಗೆ ಸಿಕ್ಕು. ಗುರುಲಿಂಗಯ್ಯನವರು ಆಟ ಬಂದ್ ಮಾಡಲಿಲ್ಲ, ಮಾಸ್ತರರಿಗೂ ಏನೂ ಅನ್ನಲಿಲ್ಲ. ಹೊಲದಲ್ಲಿದ್ದ ಹತ್ತು ಹೆಂಗಸರ ಎದುರಿಗೆ, ಮಗಳ ಎದುರಿಗೆ, ಬಸ್ಸಮ್ಮನನ್ನು ಬಾಯಿಗೆ ಬಂದಂತೆ ಬೈದಿದ್ದರು. ಬೈದವರಿಗೆ ಅದು ಮರೆತೇ ಹೋಗಿತ್ತು. ಈಗ ನೆನಪಾಗಿರಬೇಕು, ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮುಖ ಒರೆಸಿಕೊಂಡರು.

ಆಟ ಮತ್ತೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ಭೀಮಮ್ಮ ನಾಲ್ಕನೆಯ ಸಲ ಚೆಂಡು ತೆಗೆದುಕೊಂಡು ಹೊರಟಳು. ಒಬ್ಬಳನ್ನು ದಾಟಿದಳು, ಇಬ್ಬರನ್ನು ದಾಟಿದಳು, ಗೆರೆ ಹತ್ತಿರ ಬಂತು, ಅವಳ ಹೆಜ್ಜೆ ಸಣ್ಣದಾಗುವುದು ನನಗೂ ಕಂಡಿತು. ಆಗ ಗೋಲಿನ ಮಗ್ಗುಲಿನಿಂದ ಒಂದು ಧ್ವನಿ ಬಂತು. ಅರವತ್ತೈದರ ಗುರುಲಿಂಗಯ್ಯನವರು ಧೋತರ ಎತ್ತಿ ಕಟ್ಟಿ ಅಲ್ಲಿಗೆ ಯಾವಾಗ ಓಡಿ ಹೋಗಿದ್ದರೋ ನಾನು ನೋಡಿರಲಿಲ್ಲ.

"ಏ ಭೀಮವ್ವಾ! ಹೊಕ್ಕು ಬಾ! ತುಳದು ಬಾ! ಮುರದ್ರ ಮುರೀಲಿ, ತೊಗರಿ ನಂದದ!"

ರೆಫ್ರಿ ತಿರುಗಿ ನೋಡಿದ. ಜನಕ್ಕೆ ಏನೆಂದೂ ತಿಳಿಯಲಿಲ್ಲ. ವಾಡಿಯ ಮೈದಾನದಲ್ಲಿ ಎಲ್ಲಿಯ ತೊಗರಿ? ತಿಳಿಯಬೇಕಾದವಳಿಗೆ ತಿಳಿಯಿತು. ಹುಡುಗಿ ಗೆರೆಯ ಒಳಗೆ ಕಾಲಿಟ್ಟಳು, ಮತ್ತೊಂದು ಕಾಲಿಟ್ಟಳು, ಚೆಂಡನ್ನು ಬಲೆಯ ಒಳಗಿನವರೆಗೂ ತಾನೇ ಹೊತ್ತುಕೊಂಡು ಹೋದಂತೆ ಓಡಿದಳು. ಆಮೇಲೆ ಆ ಗೆರೆಗೆ ಬೆಲೆಯೇ ಉಳಿಯಲಿಲ್ಲ. ಕೊನೆಯ ಕಾಲು ಗಂಟೆ ಬೂಟಿನವರು ಏದುಸಿರು ಬಿಡುತ್ತಿದ್ದರೆ ನಮ್ಮವರು ಇನ್ನೂ ಆಗ ತಾನೇ ಎದ್ದವರ ಹಾಗೆ ಓಡುತ್ತಿದ್ದರು. ಮಹೆಕ್ ಎಂಬ ಚೋಟುದ್ದದ ಹುಡುಗಿ ಎರಡನೆಯ ಗೋಲು ಹೊಡೆದಳು. ಎರಡಕ್ಕೆ ಒಂದು. ಗೆದ್ದರು. ನಾನು ಯಾರನ್ನೋ ತಬ್ಬಿಕೊಂಡು ಅಳುತ್ತಿದ್ದೆ; ಅವರು ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಬಹುಮಾನ ಕೊಡುವಾಗ ತಂಡದ ಗುರುಗಳು ಎರಡು ಮಾತಾಡಬೇಕೆಂದು ಕರೆದರು. ಅಂಬರಾಯರು ಮೈಕಿನ ಮುಂದೆ ನಿಂತು, "ಓಡೋದು ನಾ ಕಲಿಸೀನ್ರಿ. ದಾಟೋದು ಸಾವ್ಕಾರ್ರು ಕಲಿಸ್ಯಾರ" ಎಂದು ಇಳಿದು ಬಂದರು. ಮಾತಿನಂತೆ ಗುರುಲಿಂಗಯ್ಯನವರು ಈ ಮುಂಗಾರಿಗೂ ಪಟ್ಟಿಯನ್ನು ಖಾಲಿ ಬಿಟ್ಟಿದ್ದಾರೆ. ಸಾಲದ್ದಕ್ಕೆ ಎರಡೂ ಕಡೆ ನಾಲ್ಕು ನಾಲ್ಕು ಸಾಲು ತೊಗರಿ ಕಡಿಮೆ ಬಿತ್ತಿದ್ದಾರೆ. ಮೊನ್ನೆ ತಂಗಿಯ ಮನೆಗೆ ಹೋದಾಗ ನೋಡಿ ಬಂದೆ. ಭೀಮಮ್ಮ ಈಗ ಚಿಂಚೋಳಿಯಲ್ಲಿ ಪಿಯುಸಿ. ರಜೆಯಿದ್ದಾಗ ಬಂದು ಚಿಕ್ಕವರಿಗೆ ಓಟ ಹೇಳಿಕೊಡುತ್ತಾಳೆ. ಅವಳು ಕಲಿಸುವ ಹುಡುಗಿಯರು ಚೆಂಡನ್ನು ಒದೆಯುತ್ತಾರೆ ಕೂಡ. ಒಂದು ಚೆಂಡು ತೊಗರಿಯೊಳಗೆ ಹೋಯಿತು. ಕಳೆ ತೆಗೆಯುತ್ತಿದ್ದ ಬಸ್ಸಮ್ಮ ಅದನ್ನೆತ್ತಿ ಎಸೆದಳು, ಯಾರೂ ಏನೂ ಅನ್ನಲಿಲ್ಲ.

ಇಂಥ ಮಾಸ್ತರರು ನಮ್ಮ ಕಡೆಯ ಊರಿಗೊಬ್ಬರಾದರೂ ಇರುತ್ತಾರೆ. ಬೇರೆಯವರು ಬಿಟ್ಟ ಜಾಗದಲ್ಲಿ ಅವರು ತಮ್ಮ ವಿದ್ಯೆಯನ್ನು ಬೆಳೆಸಬೇಕು, ಆ ಜಾಗ ಉಳಿಯಬೇಕಾದರೆ ಯಾರಿಗೂ ನೋವಾಗದಂತೆ ಹೆಜ್ಜೆ ಇಡಬೇಕು. ಹೀಗಾಗಿ ವಿದ್ಯೆಯ ಜೊತೆಗೆ ತಮ್ಮ ಅಂಜಿಕೆಯನ್ನೂ ಅವರು ತಿಳಿಯದೆ ಮಕ್ಕಳಿಗೆ ಕಲಿಸಿಬಿಡುತ್ತಾರೆ. ಅದಕ್ಕಾಗಿ ಅವರನ್ನು ದೂರಲು ನನಗೆ ಮನಸ್ಸಾಗದು. ಏಕೆಂದರೆ ಮಕ್ಕಳು ಒಂದು ದಿನ ಆ ಅಂಜಿಕೆಯನ್ನು ತುಳಿದು ಆಚೆಗೆ ಓಡಿದಾಗ, ತಾವು ಹಾಕಿದ ಗೆರೆ ಅಳಿಸಿತಲ್ಲಾ ಎಂದು ಒಂದು ಗಳಿಗೆಯೂ ಕೊರಗದೆ, ಮೈದಾನದ ಅಂಚಿನಲ್ಲಿ ನಿಂತು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟುವವರೂ ಅವರೇ.