ಲಾರ್ಚ್ ಹೌಸಿನ ಬಾಗಿಲು

ಕ್ಲೈವ್‌ನ ದವಡೆ ಮುರಿದವರು ಬಾಗಿಲು ಒಡೆದು ಒಳಗೆ ಬಂದವರಲ್ಲ. ಲಾರ್ಚ್ ಹೌಸಿಗೆ ಒಡೆಯುವಂಥ ಬಾಗಿಲೇ ಉಳಿದಿರಲಿಲ್ಲ. ಊರಿನ ನಗರಸಭೆಯಾದ ಕೌನ್ಸಿಲ್ ಬಾಡಿಗೆಗೆ ಕೊಡುವ ಮನೆಗಳ ಆ ಹನ್ನೆರಡು ಅಂತಸ್ತಿನ ಕಟ್ಟಡದ ಮುಂಬಾಗಿಲಿನ ಬೀಗ ಕಿತ್ತುಹೋಗಿ ವರ್ಷದ ಮೇಲಾಗಿತ್ತು. ಹಗ್ಗ ಕಟ್ಟಿದರೆ ಹಗ್ಗವನ್ನೂ ಕದಿಯುತ್ತಿದ್ದರು. ಮಾದಕವಸ್ತು ಮಾರುವ ಪುಂಡರು ಮೆಟ್ಟಿಲನ್ನೇ ಅಂಗಡಿ ಮಾಡಿಕೊಂಡಿದ್ದರು. ಜನವರಿಯ ಒಂದು ಸಂಜೆ ಲಿಫ್ಟ್ ಕೆಟ್ಟಿತ್ತು. ಕುಂಟುಗಾಲಿನ ಕ್ಲೈವ್ ಕೋಲೂರಿಕೊಂಡು ಹತ್ತುತ್ತಾ, ಸ್ವಲ್ಪ ದಾರಿ ಬಿಡಿ ಎಂದು ಕೇಳಿದ್ದೇ ತಪ್ಪಾಯಿತು. ಒಬ್ಬ ಒದ್ದು ಕೆಡವಿದ, ಇನ್ನೊಬ್ಬ ಮುಖದ ಮೇಲೆ ಬೂಟುಗಾಲಿಟ್ಟು ತುಳಿದ. ಸದ್ದು ಕೇಳಿ ಮೇಲಿನ ಮಹಡಿಯಿಂದ ಓಡಿಬಂದ ಅಕ್ಕ ನೊರೀನ್‌ಗೆ ಕಂಡದ್ದು ತಮ್ಮನ ಬಾಯಿಂದ ಸೋರುತ್ತಿದ್ದ ರಕ್ತ, ಮೆಟ್ಟಿಲ ಮೇಲೆ ಬಿದ್ದಿದ್ದ ಹಲ್ಲು. ಆ ಹಲ್ಲುಗಳನ್ನು ಹೆಕ್ಕಿ ಕರವಸ್ತ್ರದಲ್ಲಿ ಕಟ್ಟಿಕೊಂಡು ಅವಳು ಆಸ್ಪತ್ರೆಗೆ ಹೋದಳು. ಅವನ್ನು ನೋಡುವ ಪುರಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ.

ನೊರೀನ್ ಆ ವಾರ್ಡಿನ ಕೌನ್ಸಿಲರ್, ಅದೇ ಕಟ್ಟಡದ ಬಾಡಿಗೆದಾರಳು, ಆ ವರ್ಷಕ್ಕೆ ಮೇಯರ್ ಕೂಡ. ಆ ಊರಲ್ಲಿ ಮೇಯರ್ ಹೆಸರಿಗಷ್ಟೇ, ಆಳುವವರು ಬೇರೆ. ಮೇಯರ್ ಆದವರು ಚಿನ್ನದ ಸರ ಹಾಕಿಕೊಂಡು ಸಭೆ ನಡೆಸಬೇಕು, ಶಾಲೆಗಳಿಗೆ ಹೋಗಿ ಬಹುಮಾನ ಹಂಚಬೇಕು. ಹಿರಿತನದ ಸರದಿಯಲ್ಲಿ ಬರುವ ಆ ಸರವನ್ನು ನೊರೀನ್ ಹಿಂದೆ ಎರಡು ಬಾರಿ ಬೇಡವೆಂದಿದ್ದಳು. ಈ ಸಲ ಒಪ್ಪಿದ್ದಕ್ಕೆ ಕಾರಣವಿತ್ತು. ಸರ ಕೊರಳಲ್ಲಿ ಇರುವವರೆಗೆ ಮೇಯರ್ ಯಾವ ಓಟಿಗೂ ಕೈ ಎತ್ತಬಾರದೆಂಬುದು ಅಲ್ಲಿನ ವಾಡಿಕೆ. ಫೆಬ್ರವರಿ ಬಂತೆಂದರೆ ಕೌನ್ಸಿಲ್ ತನ್ನ ಮನೆಗಳ ಬಾಡಿಗೆ ಗೊತ್ತುಮಾಡುತ್ತದೆ. ನಿಮ್ಮ ಬಾಡಿಗೆ ಏರಿಸೋದಕ್ಕೆ ನಾನು ಕೈ ಎತ್ತೋದಿಲ್ಲ ಎಂದು ಅವಳು ಚುನಾವಣೆಯಲ್ಲಿ ಮನೆಮನೆಯ ಹೊಸ್ತಿಲಲ್ಲಿ ನಿಂತು ಮಾತು ಕೊಟ್ಟಿದ್ದಳು. ಏರಿಸದೆ ಗತಿಯಿಲ್ಲವೆಂಬುದೂ ಅವಳಿಗೆ ಗೊತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಲೆಕ್ಕ ಹಾಕಿ, ಸರಕ್ಕೆ ಕೊರಳೊಡ್ಡಿದ್ದಳು.

ಲೆಕ್ಕ ಸರಳವಾದದ್ದು, ಅದಕ್ಕೇ ಕ್ರೂರವಾದದ್ದು. ಮನೆಗಳ ಹುಂಡಿ ಬೇರೆ, ಊರಿನ ಹುಂಡಿ ಬೇರೆ. ಮನೆಗಳ ರಿಪೇರಿ ಬಾಡಿಗೆಯ ದುಡ್ಡಿನಿಂದಲೇ ಆಗಬೇಕು; ಊರಿನ ಹುಂಡಿಗೆ ಕೈ ಹಾಕುವಂತಿಲ್ಲ. ಆ ವರ್ಷ ಆಳುವ ಪಕ್ಷ ವಾರಕ್ಕೆ ಏಳು ಪೌಂಡ್ ಏರಿಸಿ, ಎತ್ತರದ ಕಟ್ಟಡಗಳಿಗೆಲ್ಲ ಉಕ್ಕಿನ ಬಾಗಿಲು ಹಾಕಿ ಕಾವಲುಗಾರರನ್ನು ಇಡುವುದೆಂದಿತು. ಏರಿಕೆಯೇ ಬೇಡ, ಬಾಗಿಲು ಮುಂದಿನ ವರ್ಷ ನೋಡೋಣ ಎಂದಿತು ವಿರೋಧ ಪಕ್ಷ. ಅದು ಹಿಂದಿನ ವರ್ಷವೂ ಮುಂದಿನ ವರ್ಷವನ್ನೇ ನೋಡುತ್ತಿತ್ತು.

ಒಂದು ಗೆರೆಗಿಂತ ಕಡಿಮೆ ಆದಾಯದ ಬಡವರ ಬಾಡಿಗೆಯನ್ನು ಸರ್ಕಾರವೇ ಕಟ್ಟುತ್ತದೆ. ಎರಕದ ಕಾರ್ಖಾನೆಯಲ್ಲಿ ದುಡಿದ ಕ್ಲೈವ್‌ನ ಪಿಂಚಣಿ ಆ ಗೆರೆಗಿಂತ ಒಂದು ಕೂದಲಿನಷ್ಟು ಮೇಲಿತ್ತು. ಹಾಗಾಗಿ ಪೂರ್ತಿ ಬಾಡಿಗೆ ಅವನದೇ. ಆ ಏಳು ಪೌಂಡ್ ಎಂದರೆ ಅವನಿಗೆ ಶುಕ್ರವಾರದ ಕರಿದ ಮೀನು, ಉಳಿದ ದಿನ ಸಂಜೆಯ ಹೀಟರು. ತಂತಿ ಬಿಗಿದ ದವಡೆಯಲ್ಲಿ, ಹಲ್ಲು ಕಚ್ಚಿಕೊಂಡೇ ಅವನು ಅಕ್ಕನಿಗೆ ಹೇಳಿದ:

"ಮೆಟ್ಟಿಲ ಮೇಲೆ ಒಂದ್ಸಲ ಒದೆ ತಿನ್ನೋದೇ ವಾಸಿ ಕಣಕ್ಕ. ನಿಮ್ಮ ಕೌನ್ಸಿಲ್ ಕೈಲಿ ವಾರವಾರ ತಿನ್ನೋಕಾಗಲ್ಲ."

"ನಾನು ಓಟೇ ಹಾಕಲ್ಲ ಕಣೋ. ನನ್ನ ಮೇಲೆ ಯಾಕೆ ಹರಿಹಾಯ್ತೀಯ?" ಎಂದಳು ನೊರೀನ್. ಸರ ತನ್ನನ್ನು ಕಾಯುತ್ತದೆಂದು ಅವಳು ನಿಜವಾಗಿಯೂ ನಂಬಿದ್ದಳು.

ಸಭೆಯ ದಿನ ಟೌನ್ ಹಾಲಿನ ಹೊರಗೆ ಜನ ಕಿಕ್ಕಿರಿದಿದ್ದರು. ಅವರ ಮುಂದಾಳು ಗಾರ್ತ್. ಕಟ್ಟಡಗಳಿಗೆ ಅಟ್ಟಣೆ ಕಟ್ಟುವ ಕೆಲಸದವನು, ಕಬ್ಬಿಣದ ಕೊಳವೆ ಹೊತ್ತು ಹೊತ್ತು ಹೆಗಲು ಎತ್ತಿನದಾಗಿತ್ತು. ಲಾರ್ಚ್ ಹೌಸಿನಲ್ಲೇ ಹುಟ್ಟಿ, ನೊರೀನಳ ಅಡುಗೆಮನೆಯಲ್ಲಿ ಬ್ರೆಡ್ಡು ಜಾಮು ತಿಂದು ಬೆಳೆದವನು. ಅವನ ತಾಯಿ ಈಗಲೂ ಅಲ್ಲೇ ಇದ್ದಳು, ಈಗಾಗಲೇ ಬಾಡಿಗೆ ಬಾಕಿ ಬಿದ್ದು ಮನೆ ಬಿಡಿಸುವ ನೋಟೀಸು ಪಡೆದಿದ್ದಳು. ಸಿಟ್ಟಿಗೆ ಕಾರಣವಿರಲಿಲ್ಲ ಎನ್ನಲಾಗದು. ಆದರೆ ಸಿಟ್ಟಿನ ಕೈಗೆ ಬುದ್ಧಿ ಕೊಟ್ಟರೆ ಏನಾಗುತ್ತದೆಂದು ಅಂದು ಊರೇ ನೋಡಿತು. ಏರಿಕೆಯ ಪರ ಇದ್ದ ಲೋಮಾಸ್ ಎಂಬ ಕೌನ್ಸಿಲರ್ ಕಾರು ನಿಲ್ಲಿಸುತ್ತಿದ್ದಾಗ ಅರ್ಧ ಇಟ್ಟಿಗೆಯೊಂದು ಮುಂಗಾಜನ್ನು ಸೀಳಿ ಬಂತು. ಗಾಜಿನ ಚೂರು ಅವನ ಕಣ್ಣಿಗೆ ಹೊಕ್ಕಿತು. ಆಂಬುಲೆನ್ಸಿನೊಳಗೆ ಅವನು ಕಿರುಚಿದ್ದು ಸಭೆಯವರೆಗೂ ಕೇಳಿಸಿತು.

ಒಂದು ಓಟು ಕಡಿಮೆಯಾದರೆ ಏರಿಕೆ ಬಿದ್ದುಹೋಗುತ್ತದೆಂದು ಇಟ್ಟಿಗೆ ಎಸೆದವರು ಎಣಿಸಿದ್ದರು. ಬೀಳಲಿಲ್ಲ. ಎರಡೂ ಕಡೆ ಸರಿಸಮವಾಯಿತು. ಸಭೆಯಲ್ಲಿದ್ದವರ ತಲೆಗಳೆಲ್ಲ ಎತ್ತರದ ಕುರ್ಚಿಯತ್ತ ತಿರುಗಿದವು. ಸರಿಸಮವಾದರೆ ಮಾತ್ರ ಮೇಯರ್ ಓಟು ಹಾಕಬೇಕು. ಅಂಥದ್ದು ತನ್ನ ಸರದಿಯಲ್ಲೇ ಆದೀತೆಂದು ನೊರೀನ್ ಲೆಕ್ಕ ಹಾಕಿರಲಿಲ್ಲ.

ಪಕ್ಕದಲ್ಲಿದ್ದ ಸಭೆಯ ಕಾರ್ಯದರ್ಶಿ ಪಿಕರ್ಸ್‌ಗಿಲ್ ಬಗ್ಗಿ, ಕಿವಿಯಲ್ಲಿ ಪಿಸುಗುಟ್ಟಿದ: "ಇದ್ದದ್ದು ಇದ್ದ ಹಾಗೇ ಇರಲಿ ಅನ್ನೋ ಕಡೆಗೆ ಓಟು ಹಾಕೋದು ವಾಡಿಕೆ, ಮೇಯರ್ ಮೇಡಂ. ಹಾಗೆ ಮಾಡಿದ್ರೆ ಯಾರೂ ನಿಮ್ಮನ್ನ ಆಡಿಕೊಳ್ಳಲ್ಲ."

ಅಬ್ಬಾ ಎನ್ನಿಸಿತು ಅವಳಿಗೆ. ಬಾಡಿಗೆ ಇದ್ದಷ್ಟೇ ಇರುತ್ತದೆ, ಕೊಟ್ಟ ಮಾತು ಉಳಿಯುತ್ತದೆ, ತಮ್ಮ ಉಳಿಯುತ್ತಾನೆ. ಜನರ ಬೆಂಚುಗಳನ್ನು ಸಭೆಯಿಂದ ಬೇರೆ ಮಾಡುವ ಸೊಂಟದೆತ್ತರದ ಮರದ ಕಟಕಟೆಯ ಹಿಂದೆ ಕ್ಲೈವ್ ಕೂತಿದ್ದ. ಅಕ್ಕ ತನ್ನವಳೇ ಎಂಬ ಧೈರ್ಯದಲ್ಲಿ ಅವಳನ್ನೇ ನೋಡುತ್ತಿದ್ದ. ಅವನ ಕೆನ್ನೆಯ ಮೇಲೆ ಬೂಟಿನ ಅಚ್ಚು ಇನ್ನೂ ಹಳದಿಯಾಗಿ ಉಳಿದಿತ್ತು. ಇದ್ದದ್ದು ಇದ್ದ ಹಾಗೆ ಎಂದರೆ ಅದೂ ಇದ್ದ ಹಾಗೆಯೇ. ಓಟು ಹೇಳಲು ಬಾಯಿ ತೆರೆದವಳು ಮತ್ತೊಮ್ಮೆ ಆ ಕೆನ್ನೆಯತ್ತ ನೋಡಿದಳು.

ಹೊರಗಿನಿಂದ ಬಂದು ಅದೇ ಬೆಂಚುಗಳಲ್ಲಿ ಕೂತಿದ್ದ ಗಾರ್ತ್‌ಗೆ ಆ ತಡವರಿಕೆ ಸಾಕಾಯಿತು. ಅವನು ಒಂದೇ ನೆಗೆತಕ್ಕೆ ಕಟಕಟೆ ದಾಟಿದ, ಅಡ್ಡ ಬಂದ ಸೇವಕನ ಮೂಗಿಗೆ ಗುದ್ದಿದ, ಕುರ್ಚಿಯವರೆಗೂ ಬಂದು ನೊರೀನಳ ಕೊರಳ ಸರಕ್ಕೆ ಕೈ ಹಾಕಿ ತಿರುಚಿದ.

"ಮಾತು ಕೊಟ್ಟಿದ್ರಿ, ನೊರೀನ್ ಆಂಟಿ," ಎಂದ. ಕೂಗಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು. "ನಮ್ಮಮ್ಮನ ಮುಂದೆ ನಿಂತು ಕೊಟ್ಟಿದ್ರಿ."

ನೂರು ವರ್ಷದ ಮೇಯರುಗಳ ಹೆಸರು ಕೆತ್ತಿದ್ದ ಗಟ್ಟಿ ಸರ ಅದು, ಹರಿಯಲಿಲ್ಲ. ಕೊಂಡಿಗಳು ಚರ್ಮ ಕಚ್ಚಿದವು, ಉಸಿರು ನಿಂತಿತು, ಅವಳ ಕಾಲು ಮೇಜಿಗೆ ಬಡಿಯತೊಡಗಿತು. ಆಗ ಕಟಕಟೆಯ ಕಿರುಬಾಗಿಲು ತಳ್ಳಿ ಕುಂಟುತ್ತಾ ಬಂದ ಕ್ಲೈವ್ ಎರಡೂ ಕೈಯಲ್ಲಿ ಕೋಲು ಎತ್ತಿ ಗಾರ್ತ್‌ನ ಮಣಿಕಟ್ಟಿಗೆ ಹೊಡೆದ. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಗಾರ್ತ್ ಹಿಡಿತ ಬಿಟ್ಟರೂ ಕ್ಲೈವ್ ಬಿಡಲಿಲ್ಲ. ಮೆಟ್ಟಿಲ ಮೇಲೆ ತಿಂದದ್ದನ್ನೆಲ್ಲ ಬಡ್ಡಿ ಸಮೇತ ತೀರಿಸುವವನ ಹಾಗೆ, ಕೆಳಗೆ ಬಿದ್ದವನ ಕಿವಿಗೆ, ಬೆನ್ನಿಗೆ, ತಲೆಗೆ ಹೊಡೆಯುತ್ತಲೇ ಇದ್ದ. ಪೊಲೀಸರು ಅವನನ್ನು ಎಳೆದು ಹಿಡಿಯುವ ಹೊತ್ತಿಗೆ ಹಸಿರು ಜಮಖಾನೆ ಕಪ್ಪಾಗಿತ್ತು.

ಸಭೆ ಮುಂದೂಡೋಣ ಎಂದ ಪಿಕರ್ಸ್‌ಗಿಲ್. ನೊರೀನ್ ಬೇಡವೆಂದು ತಲೆಯಾಡಿಸಿದಳು. ಆಮೇಲೆ ಪತ್ರಿಕೆಗಳು ಅದನ್ನು ಧೈರ್ಯ ಎಂದು ಬರೆದವು. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ಯಾರು ಬೇಕಾದರೂ ನಡೆದು ಬಂದು ಕೊರಳಿಗೆ ಕೈ ಹಾಕುವುದೆಂದರೇನೆಂದು ಅವಳಿಗೆ ಈಗ ಗೊತ್ತಾಗಿತ್ತು, ಆ ಹೆದರಿಕೆ ಎಲುಬಿಗೆ ಇಳಿದಿತ್ತು. ಅವಳಿಗೆ ಬಾಗಿಲು ಬೇಕಿತ್ತು.

"ಏರಿಕೆ ಪರ," ಎಂದಳು. ಗಂಟಲು ಕಟ್ಟಿದ್ದರಿಂದ ಇನ್ನೊಮ್ಮೆ ಹೇಳಬೇಕಾಯಿತು. ಪೊಲೀಸರ ಕೈಯಲ್ಲಿದ್ದ ಕ್ಲೈವ್ ಎರಡನೆಯ ಸಲ ಕೇಳಿಸಿಕೊಂಡ. ಮೆಟ್ಟಿಲ ಮೇಲೆ ಬಿದ್ದಿದ್ದಾಗಲೂ ತಮ್ಮನ ಮುಖ ಅಷ್ಟು ಕೆಟ್ಟದ್ದನ್ನು ಅವಳು ನೋಡಿರಲಿಲ್ಲ.

ಗಾರ್ತ್ ಜೈಲಿಗೆ ಹೋದ. ಅವನ ತಾಯಿ ಲಿಫ್ಟಿನಲ್ಲಿ ನೊರೀನಳ ಮುಖಕ್ಕೆ ಉಗಿದಳು. ನೊರೀನ್ ಒರೆಸಿಕೊಂಡಳು. ಅವಳ ಮನೆಬಾಗಿಲಿಗೆ ಯಾರೋ ಹಂದಿಯ ರಕ್ತ ಸುರಿದರು. ಅಕ್ಕನನ್ನು ಉಳಿಸಲು ಹೊಡೆದನೆಂದು ಕ್ಲೈವ್‌ನನ್ನು ಎಚ್ಚರಿಕೆ ಕೊಟ್ಟು ಬಿಟ್ಟರು. ಆ ಮಾತು ಕೇಳಿ ಅವನು ನಕ್ಕನಂತೆ. ಏಪ್ರಿಲ್‌ನಿಂದ ಹೊಸ ಬಾಡಿಗೆ ಬಂತು. ಆ ತಿಂಗಳ ಚಳಿಯಲ್ಲಿ ಅವನು ಹೀಟರು ಆರಿಸಿ, ಓವರ್‌ಕೋಟು ತೊಟ್ಟು ಕೂರುತ್ತಿದ್ದ. ನೊರೀನ್ ಒಯ್ದ ಮಾಂಸದ ಕಡುಬನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದ.

ಜೂನ್‌ನಲ್ಲಿ ಬಾಗಿಲು ಬಂತು. ಉಕ್ಕಿನ ಚೌಕಟ್ಟು, ಹೆಬ್ಬೆರಳು ದಪ್ಪದ ಗಾಜು. ನೊರೀನ್ ಅದರ ಮುಂದೆ ನಿಂತು ಬೀಗ ಪರೀಕ್ಷಿಸುತ್ತಿದ್ದಳು. ಕೊರಳ ಗಾಯ ಮಾಸಿತ್ತು, ಸರದ ಒಂದು ಕೊಂಡಿಯ ಗುರುತು ಮಾತ್ರ ಭುಜದ ಹತ್ತಿರ ಉಳಿದಿತ್ತು. ಹಿಂದಿನಿಂದ ಕ್ಲೈವ್‌ನ ಕೋಲಿನ ಸದ್ದು ಕೇಳಿ ಪಕ್ಕಕ್ಕೆ ಸರಿದಳು.

ಅವನು ಬಾಗಿಲನ್ನು ಮೇಲಿಂದ ಕೆಳಗೆ ನೋಡಿದ. ಕೋಲನ್ನು ಎರಡೂ ಕೈಯಲ್ಲಿ ಎತ್ತಿ ಗಾಜಿಗೆ ಬೀಸಿದ. ಗಾಜು ಗುಮ್ಮೆಂದಿತು, ಬಿರುಕು ಬಿಡಲಿಲ್ಲ. ಮತ್ತೆ ಬೀಸಿದ. ಮತ್ತೆ ಬೀಸಿದ.

"ಏನೋ ಇದು, ಹುಚ್ಚಾ ನಿಂಗೆ?"

"ನನ್ನ ದುಡ್ಡಿನ ಬಾಗಿಲು ಕಣಕ್ಕ," ಎಂದ ಏದುಸಿರು ಬಿಡುತ್ತಾ. ತಂತಿ ತೆಗೆದ ದವಡೆ ಸೊಟ್ಟಗೆ ಕೂಡಿತ್ತು. "ಗಟ್ಟಿ ಇದ್ಯೋ ಇಲ್ವೋ ನೋಡ್ಬೇಡ್ವಾ?"

ಕೊನೆಯ ಏಟಿಗೆ ಕೋಲು ನಡುವೆ ಮುರಿದು, ಅರ್ಧ ರಸ್ತೆಗೆ ಹಾರಿತು. ಅವನು ತೂಗಾಡಿ ಬೀಳುವವನಿದ್ದ, ಅವಳ ಭುಜ ಹಿಡಿದು ನಿಂತ. ಲಿಫ್ಟ್ ಅಂದೂ ಕೆಟ್ಟಿತ್ತು. ಇಬ್ಬರೂ ಒಳಗೆ ಹೋದ ಮೇಲೆ ಬಾಗಿಲು ಅವರ ಹಿಂದೆ ತಾನಾಗಿ ಮುಚ್ಚಿಕೊಂಡಿತು. ಖಾಲಿ ಮೆಟ್ಟಿಲುಗಳನ್ನು ಇಬ್ಬರೂ ಒಂದೊಂದಾಗಿ ಹತ್ತತೊಡಗಿದರು. ಕೊಂಡಿಯ ಗುರುತಿದ್ದ ಕಡೆಯೇ ಅವನ ಬೆರಳುಗಳು ಬೇಕೆಂದೇ ಒತ್ತುತ್ತಿದ್ದವು. ಅವಳು ಬಿಡು ಅನ್ನಲಿಲ್ಲ.