ತಗಡಿನ ಕೊಕ್ಕರೆಗಳ ಕ್ಯಾಸೆಟ್

ಡೂಗಲ್ ಪೆಟ್ರಿಯ ಹುಚ್ಚಿಗೆ ಇಡೀ ಡಂಡೀ ಊರಿನಲ್ಲಿ ಮದ್ದಿರಲಿಲ್ಲ. ಬಸ್ಸು ಓಡಿಸಿ ನಿವೃತ್ತನಾದವನು, ಮೊಮ್ಮಕ್ಕಳನ್ನು ಕಂಡವನು. ಆದರೂ ಇವತ್ತಿಗೂ ಮೈಮೇಲೆ ಅದೇ ಬಣ್ಣಗೆಟ್ಟ ಟೀ ಶರ್ಟು, ಅದರ ಮೇಲೆ 'ಟಿನ್ ಹೆರನ್ಸ್' ಎಂಬ ಹಾಡಿನ ತಂಡದ ಹೆಸರು. ತಗಡಿನ ಕೊಕ್ಕರೆಗಳು! ಹೆಸರೇ ಹೀಗಿದ್ದ ಮೇಲೆ ಆ ತಂಡ ಉದ್ಧಾರವಾಗುವುದುಂಟೆ? ನಾಲ್ಕು ಜನ ಸೇರಿ ಪಬ್ಬುಗಳ ಹಿಂದಿನ ಕೋಣೆಗಳಲ್ಲಿ ಹಾಡಿದರು. ದೊಡ್ಡ ರೆಕಾರ್ಡ್ ಕಂಪನಿಯವರು ಬಾಗಿಲಿಗೆ ಬಂದಾಗ 'ನಾವು ಮಾರಾಟಕ್ಕಿಲ್ಲ' ಎಂದು ಅಟ್ಟಿದರು. ಅಷ್ಟರಲ್ಲಿ ಹಾಡುತ್ತಿದ್ದ ಐಲ್ಸಾ ಕಾಯಿಲೆ ಬಿದ್ದು ಸತ್ತಳು. ಊರು ಮರೆಯಿತು, ಡೂಗಲ್ ಮರೆಯಲಿಲ್ಲ.

ಅವರ ಡ್ರಮ್ಮು, ಸ್ಪೀಕರುಗಳನ್ನು ತನ್ನ ವ್ಯಾನಿನಲ್ಲಿ ಬಿಟ್ಟಿಯಾಗಿ ಹೊತ್ತು ತಿರುಗಿದವನು ಅವನೇ. ಅದಕ್ಕೇ ಐಲ್ಸಾ ಸಾಯುವ ಮುಂಚೆ ಅವನ ಕೈಗೆ ಒಂದು ಕ್ಯಾಸೆಟ್ ಇಟ್ಟಿದ್ದಳು. ಅವಳ ದನಿ ಉಳಿದಿದ್ದು ಅದೊಂದರಲ್ಲೇ.

"ಇದು ನಿಂಗೆ. ಯಾರಿಗೂ ಕಾಪಿ ಮಾಡಿ ಕೊಡ್ಬೇಡ ಕಣೋ, ಮಾರ್ಕೊಂಡು ತಿಂದ್ಬಿಡ್ತಾರೆ," ಎಂದಿದ್ದಳು.

ಮಾತೆಂದರೆ ಮಾತು. ಡ್ರಮ್ಮು ಬಾರಿಸುತ್ತಿದ್ದವನು ಒಂದು ಕಾಪಿ ಕೊಡೆಂದು ಬಂದು ಅತ್ತ. ಕಂಪ್ಯೂಟರಿಗೆ ಏರಿಸಿಕೊಡುತ್ತೇನೆಂದು ಇನ್ಯಾರೋ ಬಂದು ಗೋಗರೆದ. ಜಪ್ಪಯ್ಯ ಎಂದರೂ ಡೂಗಲ್ ಬಗ್ಗಲಿಲ್ಲ. ಪ್ರತಿ ಭಾನುವಾರ ಊಟವಾದ ಮೇಲೆ ಹಳೆಯ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿ, ಕಣ್ಣು ಮುಚ್ಚಿ ಕೂರುವುದು ಅವನ ವ್ರತ. ಹೆಂಡತಿ ನೆಟ್ಟಾ ಪಾತ್ರೆ ತೊಳೆಯುತ್ತ, "ಬಂದಳಪ್ಪಾ ನನ್ನ ಸವತಿ!" ಎನ್ನುವಳು. ಇತ್ತೀಚಿನ ವರ್ಷಗಳಲ್ಲಿ ಆ ತಮಾಷೆಯನ್ನೂ ಬಿಟ್ಟಿದ್ದಳು.

ಆ ಶನಿವಾರ ಬಾಗಿಲು ತಟ್ಟಿದ ಹೆಂಗಸನ್ನು ನೋಡಿ ಡೂಗಲ್‌ನ ಎದೆ ಧಸಕ್ಕೆಂದಿತು. ಅದೇ ಅಗಲ ಹಣೆ, ಅದೇ ಗದ್ದ. ಐಲ್ಸಾಳ ಮಗಳು ಮಾರ್ವೆನ್. ತಾಯಿ ಸತ್ತಾಗ ತೊಟ್ಟಿಲಲ್ಲಿದ್ದ ಕೂಸನ್ನು ಅಪ್ಪನ ಕಡೆಯವರು ದೂರದ ದ್ವೀಪಕ್ಕೆ ಒಯ್ದು ಸಾಕಿದ್ದರು.

"ಫೋಟೋ ಇದೆ ಅಂಕಲ್, ಒಂದು ಸ್ವೆಟರ್ ಇದೆ. ಅಮ್ಮನ ದನಿ ಹೇಗಿತ್ತು ಅಂತ ಮಾತ್ರ ನಂಗೆ ಗೊತ್ತೇ ಇಲ್ಲ," ಎಂದಳು. "ಅವಳ ಕ್ಯಾಸೆಟ್ ನಿಮ್ಮ ಹತ್ರ ಇದೆಯಂತೆ. ಒಂದೇ ಒಂದ್ಸಲ ಕೇಳ್ಸಿ, ಸಾಕು."

"ಒಂದ್ಸಲ ಏನಮ್ಮಾ, ನಿನ್ನ ಫೋನಿಗೇ ತುಂಬ್ಕೊಂಡು ಹೋಗು! ಯಾರಿಗೂ ಕೊಡ್ಬೇಡ ಅಂದ್ಳೇ ಹೊರತು ಮಗಳಿಗೆ ಕೊಡ್ಬೇಡ ಅಂದ್ಳಾ?"

ಡೂಗಲ್‌ನ ಸಂಭ್ರಮ ಹೇಳತೀರದು. ಇಷ್ಟು ವರ್ಷ ತಾನು ಕಾವಲು ಕಾದದ್ದು ಇವಳಿಗಾಗಿಯೇ ಎಂದು ಅವನಿಗೆ ಖಾತ್ರಿಯಾಗಿಬಿಟ್ಟಿತು. ನೆಟ್ಟಾ ಟೀ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲೇ ನಿಂತಳು.

"ಇವತ್ತು ಬೇಡ ಡೂಗಲ್. ಆ ಮೆಷಿನ್ನು ಸರಿ ಇಲ್ಲ ಅಂದಿದ್ಯಲ್ಲ."

"ಯಾವತ್ತು ಅಂದೆ? ಸುಮ್ನಿರು ನೀನು."

ಗುಂಡಿ ಒತ್ತಿದ. ಮಾರ್ವೆನ್ ಫೋನನ್ನು ಹತ್ತಿರ ಹಿಡಿದಳು. ಸೊಂಯ್ ಎಂಬ ಸದ್ದು. ಅದರ ಅಡಿಯಲ್ಲಿ, ಗೋಡೆಯಾಚೆ ಯಾರೋ ಬಟ್ಟೆ ಒಗೆದಂತೆ ದುಬ್ ದುಬ್. ಡೂಗಲ್ ಕಣ್ಣು ಮುಚ್ಚಿದ.

"ಈಗ ಬರ್ತಾಳೆ ನೋಡು... ಹಾಂ! ಕೇಳಿದ್ಯಾ? ಸಾಲು ಮುಗಿಯೋ ಕಡೆ ಒಂದು ಉಸಿರೆಳ್ಕೋತಾಳೆ, ಅಬ್ಬಾ! ಇಲ್ಲಿ ಗಿಟಾರಿನವನು ತಪ್ಪಿದ, ಇವಳು ನಕ್ಕಳು. ನಗು ಕೇಳಿದ್ಯಾ?"

ಡೂಗಲ್ ಕಣ್ಣು ಬಿಟ್ಟ. ಮಾರ್ವೆನ್ ಕಿವಿಯನ್ನು ಸ್ಪೀಕರಿಗೆ ಅಂಟಿಸಿಕೊಂಡು ಕೂತಿದ್ದಳು.

"ಅಂಕಲ್, ಹಾಡು ಯಾವಾಗ ಶುರುವಾಗುತ್ತೆ?"

ಡೂಗಲ್ ಸದ್ದು ಏರಿಸಿದ. ಸೊಂಯ್ ಜೋರಾಯಿತು. ಕ್ಯಾಸೆಟ್ ತೆಗೆದು ಟೀ ಶರ್ಟಿನ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿದ. ಕೊನೆಗೆ ಹೆಂಡತಿಯತ್ತ ತಿರುಗಿ, "ನಿಂಗಾದ್ರೂ ಕೇಳ್ತಿದೆ ತಾನೆ?" ಎಂದ.

"ಎಷ್ಟೋ ವರ್ಷದಿಂದ ಕೇಳ್ತಿಲ್ಲ," ಎಂದಳು ನೆಟ್ಟಾ. "ಹಾಕಿ ಹಾಕಿ ಸವೆಸ್ಬಿಟ್ಟೆ, ಪುಣ್ಯಾತ್ಮ. ಅದ್ರಲ್ಲಿ ಏನೂ ಉಳಿದಿಲ್ಲ. ನಿನ್ನ ತಲೆಯೊಳಗೆ ಹಾಡ್ತಿದಾಳೆ, ಅಷ್ಟೆ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ಪ್ರತಿ ಭಾನುವಾರ ನಿನ್ನ ಮುಖ ನೋಡ್ತಿದ್ದವಳು ನಾನು."

ಡ್ರಮ್ಮಿನವನಿಗೆ ಒಂದು ಕಾಪಿ ಕೊಟ್ಟಿದ್ದರೆ ಅದಾದರೂ ಎಲ್ಲೋ ಉಳಿದಿರುತ್ತಿತ್ತು. ಕೊಟ್ಟ ಮಾತು ಉಳಿಸಿಕೊಂಡ, ಅವಳನ್ನು ಕಳೆದುಕೊಂಡ. ನಂಬಿ ಕೊಟ್ಟವಳ ದನಿಯನ್ನು ತನ್ನ ಕೈಯಾರೆ, ಅದೂ ಪ್ರೀತಿಯಿಂದ, ಉಜ್ಜಿ ಉಜ್ಜಿ ಅಳಿಸಿಹಾಕಿದ್ದ.

ಮಾರ್ವೆನ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ನಿಮಗೆ ಕೇಳುತ್ತಲ್ಲ ಅಂಕಲ್? ಹಾಗಾದ್ರೆ ನೀವೇ ಹಾಡಿ. ಅಮ್ಮ ಹಾಡ್ತಿದ್ದ ಹಾಗೇ," ಎಂದು ಫೋನನ್ನು ಅವನ ಬಾಯಿಯ ಮುಂದೆ ಹಿಡಿದಳು.

ಹಾಡಿದ. ಸಿಗರೇಟು ಸೇದಿ ಒಡಕಾದ ಮುದುಕನ ಗಂಟಲು. ಅವಳು ಉಸಿರೆಳೆಯುವಲ್ಲಿ ತಾನೂ ಎಳೆದ, ಅವಳು ನಗುವಲ್ಲಿ ನಗಲು ಹೋಗಿ ಕೆಮ್ಮಿದ. ಮಾರ್ವೆನ್ ಕೊನೆಯವರೆಗೂ ಕೇಳಿ, ಥ್ಯಾಂಕ್ಸ್ ಹೇಳಿ, ಟೀ ಮುಟ್ಟದೆ ಹೊರಟುಹೋದಳು.

ಮರುದಿನ ಭಾನುವಾರ. ಊಟವಾಯಿತು. ಡೂಗಲ್ ಏಳಲಿಲ್ಲ. ನೆಟ್ಟಾಳೇ ಹೋಗಿ ಗುಂಡಿ ಒತ್ತಿ, "ಬಂದಳಪ್ಪಾ ನನ್ನ ಸವತಿ," ಎಂದಳು.

ಅವನು ಕಣ್ಣು ಮುಚ್ಚಿ ಕಾದ. ಸೊಂಯ್ ಎನ್ನುತ್ತಿತ್ತು. ಐಲ್ಸಾ ಬರಬೇಕಾದ ಕಡೆ ತಲೆಯೊಳಗೆ ಬಂದದ್ದು ತನ್ನದೇ ಒಡಕು ದನಿ. ನಗು ಬರಬೇಕಾದ ಕಡೆ ತನ್ನದೇ ಕೆಮ್ಮು.

"ನಿಲ್ಸಿಬಿಡು ನೆಟ್ಟಾ," ಎಂದ.