ಪೂಜೆಗೆ ಕೂತ ಲ್ಯಾಪ್‌ಟಾಪ್

ನನ್ನ ಗಂಡ ಪಾಂಡುರಂಗ ಮೂಳೆ ಡಾಕ್ಟರು. ಮುರಿದ ತೊಡೆಯೆಲುಬಿಗೆ ಮೊಳೆ ಹೊಡೆದು, ಹಾಸಿಗೆ ಹಿಡಿದವರನ್ನು ಎಬ್ಬಿಸಿ ನಡೆಸುತ್ತಾರೆ. ಆದರೆ ಲಂಡನ್ನಿನ ರೇನರ್ಸ್ ಲೇನಿನ ನಮ್ಮ ಮನೆಯ ಬಚ್ಚಲ ಚಿಲಕವನ್ನು ಅವರು ಒಮ್ಮೆ ರಿಪೇರಿ ಮಾಡಿದ ಮೇಲೆ ಅದು ಕೂಡಿಕೊಂಡದ್ದೇ ಇಲ್ಲ. ಸ್ನಾನಕ್ಕೆ ಹೋದವರು ಒಳಗಿದ್ದೇವೆಂದು ತಿಳಿಸಲು ಗಟ್ಟಿಯಾಗಿ ಹಾಡುತ್ತಲೇ ಇರಬೇಕು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎನ್ನುತ್ತಾರಲ್ಲ, ಇವರ ಕೈಯಲ್ಲಿ ಅವರಪ್ಪನೂ ಆಗುವುದಿಲ್ಲ.

ಅಂಥವರು 2006ರ ನವರಾತ್ರಿಯಲ್ಲಿ ನನ್ನ ಲ್ಯಾಪ್‌ಟಾಪನ್ನು ತಾವೇ ಬಿಚ್ಚಲು ಹೊರಟರು. ನನ್ನ ಎಂಬ ಮಾತನ್ನು ಬೇಕೆಂದೇ ಒತ್ತಿ ಹೇಳುತ್ತಿದ್ದೇನೆ.

ನನಗೆ ಕೆಲಸ ಸಿಕ್ಕಿತ್ತು. ಆಸ್ಪತ್ರೆಯ ಡಾಕ್ಟರುಗಳು ರೋಗಿಗಳ ಬಗ್ಗೆ ಟೇಪಿಗೆ ಹೇಳಿಟ್ಟ ಕಾಗದಗಳನ್ನು ಮನೆಯಲ್ಲೇ ಕೂತು ಟೈಪ್ ಮಾಡಿಕೊಡುವ ಕೆಲಸ. ಧಾರವಾಡದಲ್ಲಿ ಮದುವೆಗೆ ಮುಂಚೆ ನಾನು ಇಂಗ್ಲಿಷ್ ಟೈಪಿಂಗ್ ಸೀನಿಯರ್ ಪರೀಕ್ಷೆಯಲ್ಲಿ ಜಿಲ್ಲೆಗೇ ಮೊದಲು ಬಂದವಳು. ಆಮೇಲೆ ಲಂಡನ್ನಿಗೆ ಬಂದು ಹದಿನೇಳು ವರ್ಷ ಟೈಪ್ ಮಾಡಿದ್ದು ಅಡುಗೆಮನೆಯ ಮಸಾಲೆ ಡಬ್ಬಗಳಿಗೆ ಅಂಟಿಸುವ ಚೀಟಿಗಳನ್ನು ಮಾತ್ರ. ಯಾರ ಮನೆಗೆ ಹೋದರೂ ನಾನು ಡಾಕ್ಟರ ಹೆಂಡತಿ. ಈ ಕೆಲಸ ನನಗೆ ಎಷ್ಟು ಬೇಕಾಗಿತ್ತೆಂದರೆ, ಸಿಕ್ಕ ಸುದ್ದಿ ಬಂದ ದಿನ ಬಚ್ಚಲಿಗೆ ಹೋಗಿ ಹಾಡುವುದನ್ನೂ ಮರೆತು ಅತ್ತಿದ್ದೆ.

ಕಂಪನಿಯವರು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಟೇಪನ್ನು ಇಂಟರ್‌ನೆಟ್ಟಿನಲ್ಲಿ ಕಳಿಸುವವರಿದ್ದರು. ಅಷ್ಟೊತ್ತಿಗೆ ನನ್ನ ಕಂಪ್ಯೂಟರ್ ತಯಾರಾಗಿರದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದು ನಯವಾಗಿ, ಎರಡು ಸಲ ಹೇಳಿದ್ದರು. ಮನೆಯಲ್ಲಿದ್ದ ಒಂದು ಕಂಪ್ಯೂಟರ್ ಮಗಳು ಗಾರ್ಗಿಯ ಕೋಣೆಯಲ್ಲಿತ್ತು. ಹದಿನೈದು ವರ್ಷದ ಹುಡುಗಿಯ ಕೋಣೆಗೆ ಕಾಲಿಡಲು ವೀಸಾ ಬೇಕು.

"ಹೊಸಾದು ಯಾಕ ಬೇಕು, ವೇದಾ?" ಎಂದರು ಪಾಂಡುರಂಗ. "ಕ್ಯಾನರಿ ವಾರ್ಫಿನ್ಯಾಗ ಒಂದು ಆಫೀಸು ಮುಚ್ಚಲಿಕತ್ತದ. ಲ್ಯಾಪ್‌ಟಾಪೆಲ್ಲಾ ಸೇಲಿಗೆ ಇಟ್ಟಾರ. ಬಿಸಿನೆಸ್ ಮಾಡೆಲ್ಲು, ಕಲ್ಲು ಇದ್ದಂಗ ಇರ್ತಾವ."

ತಂದದ್ದು ಕಲ್ಲಿನ ಹಾಗೆಯೇ ಇತ್ತು, ತೂಕದಲ್ಲೂ. ಟ್ಯೂಬ್ ರೈಲಿನಲ್ಲಿ ಅದನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಕಪ್ಪು, ಚೌಕ, ಒಂದು ಮೂಲೆಯಲ್ಲಿ ಯಾರೋ ಸಾಹೇಬರ ಕಾಫಿ ಲೋಟದ ಗುರುತು. ನನಗೆ ಹಿಡಿಸಿತು ಕೂಡ. ಆದರೆ ಕಂಪನಿಯ ಟೈಪಿಂಗ್ ಪ್ರೋಗ್ರಾಮು ಹಾಕಿದರೆ ಮೆಮೊರಿ ಸಾಲದು ಎಂದು ಅದು ಮೊಂಡು ಹಿಡಿಯಿತು. ಇದ್ದದ್ದರ ಎರಡರಷ್ಟು ಬೇಕಂತೆ.

"ಇಷ್ಟs ಹೌದಲ್ಲೊ? ಒಳಗ ಇನ್ನೊಂದು ಮೆಮೊರಿ ಕಾರ್ಡಿಗೆ ಜಾಗಾ ಖಾಲಿ ಇರ್ತದ. ತಂದು ಕೂಡಿಸಿದರಾತು. ನಾ ವಾರಕ್ಕ ಎಷ್ಟು ಮಂಡಿ ಬದಲೀ ಮಾಡ್ತೀನಿ, ಗೊತ್ತದ ಇಲ್ಲೊ?"

"ಗೊತ್ತದ ರೀ. ಚಿಲಕಾನೂ ಗೊತ್ತದ," ಎಂದೆ.

ಚಿಲಕದ ಮಾತು ಅವರ ಕಿವಿಗೆ ಬೀಳಲಿಲ್ಲ. ಶನಿವಾರ ಮೆಮೊರಿ ಕಾರ್ಡು ಟಪಾಲಿನಲ್ಲಿ ಬಂತು. ಇವರು ಅಂಗಡಿಗೆ ಓಡಿ ಸಣ್ಣ ಸ್ಕ್ರೂಡ್ರೈವರುಗಳ ಸೆಟ್ ತಂದು, ಊಟದ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ, ಲ್ಯಾಪ್‌ಟಾಪನ್ನು ಬೋರಲಾಗಿ ಮಲಗಿಸಿದರು. ಮೈಯಲ್ಲಿ ಕರೆಂಟು ಉಳಿದಿರುತ್ತದೆ, ಸೂಕ್ಷ್ಮ ಭಾಗಗಳು ಸುಟ್ಟುಹೋಗುತ್ತವೆ, ಆದ್ದರಿಂದ ಹತ್ತಿರ ಬರುವವರೆಲ್ಲ ಮೊದಲು ಮನೆ ಬೆಚ್ಚಗಿಡುವ ಗೋಡೆಯ ರೇಡಿಯೇಟರನ್ನು ಮುಟ್ಟಿ ಬರಬೇಕೆಂದು ಅಪ್ಪಣೆ ಮಾಡಿದರು. ನಾನು ಮುಟ್ಟಿದೆ. ಕಾಶವ್ವ ದೊಡ್ಡವ್ವ ಮುಟ್ಟಿ, ಎರಡೂ ಕೈಯನ್ನು ಕಣ್ಣಿಗೊತ್ತಿಕೊಂಡರು.

ದೊಡ್ಡವ್ವ ಎಂದರೆ ಇವರ ತಾಯಿಯ ಅಕ್ಕ. ಆರು ತಿಂಗಳ ವೀಸಾದ ಮೇಲೆ ಧಾರವಾಡದಿಂದ ಬಂದಿದ್ದರು. ನಮ್ಮ ಮನೆಯ ಹಬ್ಬಗಳೆಲ್ಲ ಅಲ್ಲಿಯವರೆಗೆ ಮೈಕ್ರೋವೇವಿನಲ್ಲಿ ಬಿಸಿ ಮಾಡಿದಂತೆ ಮುಗಿಯುತ್ತಿದ್ದವು. ಅವರು ಬಂದ ಮೇಲೆ ಮಡಿ, ಮುಹೂರ್ತ ಎಲ್ಲ ಸೂಟ್‌ಕೇಸಿನಿಂದ ಹೊರಬಂದಿದ್ದವು. ಪಾಂಡುರಂಗ ತಳದ ಮುಚ್ಚಳವನ್ನು ಬಿಚ್ಚಿ ಪಕ್ಕಕ್ಕಿಟ್ಟದ್ದೇ ತಡ, ದೊಡ್ಡವ್ವನ ಕಣ್ಣು ಸ್ಕ್ರೂಡ್ರೈವರ್ ಮೇಲೆ ಬಿತ್ತು.

"ಯಾವಾಗ ತಂದೀಯೋ ಇದನ್ನ?"

"ಈಗs ತಂದೆ, ದೊಡ್ಡವ್ವಾ."

"ಶನಿವಾರ ಮನಿಯೊಳಗ ಕಬ್ಬಿಣ ತಂದಿ?"

"ಇದು ಕಬ್ಬಿಣ ಅಲ್ಲ. ಸ್ಟೀಲು."

"ಸ್ಟೀಲು ಏನು ಗಿಡದಾಗ ಬೆಳೀತದ?"

ಶಸ್ತ್ರಚಿಕಿತ್ಸಕರು ಸ್ಕ್ರೂಡ್ರೈವರನ್ನು ಮೆಲ್ಲಗೆ ಟವೆಲಿನ ಕೆಳಗೆ ಸರಿಸಿದರು. ದೊಡ್ಡವ್ವನೇ ತೀರ್ಪು ಕೊಟ್ಟರು. ನಾಳೆ ಭಾನುವಾರ ಖಂಡೇನವಮಿ, ಆಯುಧಪೂಜೆ. ಯಂತ್ರವನ್ನೂ ಅದರ ಹೊಸ ಭಾಗವನ್ನೂ ಒಟ್ಟಿಗೆ ಪೂಜೆಗಿಡಬೇಕು. ನಾಡಿದ್ದು ವಿಜಯದಶಮಿ. ಬೆಳಿಗ್ಗೆ ಪೂಜೆ ಕದಲಿಸಿ ಆಮೇಲೆ ಜೋಡಿಸಬೇಕು. ಪೂಜೆಗೆ ಕೂತ ಆಯುಧವನ್ನು ಕದಲಿಸುವ ತನಕ ಯಾರೂ ಮುಟ್ಟುವಂತಿಲ್ಲ.

"ದೊಡ್ಡವ್ವಾ, ಸೋಮವಾರ ಒಂಬತ್ತಕ್ಕ ನನ್ನ ಕೆಲಸ ಶುರು ಅದ," ಎಂದೆ.

"ವಿಜಯದಶಮಿ ದಿನಾನs ಶುರು ಆಗ್ತದಲ್ಲ, ಮತ್ತಿನ್ನೇನು ಬೇಕು ನಿನಗ?"

ನಾನು ಒಪ್ಪಿಕೊಂಡೆ. ಒಪ್ಪಲು ಇನ್ನೊಂದು ಕಾರಣವೂ ಇತ್ತು. ಪ್ರತಿವರ್ಷ ಆಯುಧಪೂಜೆಗೆ ಇವರ ಸ್ಟೆತೊಸ್ಕೋಪು, ಕಾರು, ಗಾರ್ಗಿಯ ಕ್ಯಾಲ್ಕುಲೇಟರು ಕೂರುತ್ತಿದ್ದವು. ನನ್ನದು ಎಂದರೆ ಈಳಿಗೆಮಣೆ. ಈ ಸಲ ನನ್ನ ದುಡಿಮೆಯ ಆಯುಧ ಮಣೆಯೇರುತ್ತದೆ ಎಂದು ಒಳಗೊಳಗೇ ಉಬ್ಬಿದ್ದೆ.

"ಮುಚ್ಚಳಾನಾದ್ರೂ ಹಾಕಿ ಇಡ್ರಿ," ಎಂದೆ ಇವರಿಗೆ.

"ನಾಡದು ಮತ್ತ ಬಿಚ್ಚೋದದ ಅಲ್ಲ. ಇರಲಿ ಬಿಡು."

ನಿಜವಾದ ಕಾರಣ ನನಗೆ ಗೊತ್ತಿತ್ತು. ಪೂಜೆಗೆ ಇವರ ಆಸ್ಪತ್ರೆಯಲ್ಲೇ ಇರುವ ಮೈಸೂರಿನ ಡಾಕ್ಟರ್ ನರಸಿಂಹಮೂರ್ತಿ, ಅವರ ಹೆಂಡತಿ ಉಷಾ ಬರುವವರಿದ್ದರು. ತಾನು ಮಾಡಲಿರುವ ಆಪರೇಷನ್ನನ್ನು ಅವರಿಗೆ ತೋರಿಸದಿದ್ದರೆ ಇವರಿಗೆ ಹೋಳಿಗೆ ಇಳಿಯುತ್ತಿರಲಿಲ್ಲ.

ಭಾನುವಾರ ಮಣೆಯ ಮೇಲೆ ಲ್ಯಾಪ್‌ಟಾಪು ಬೋರಲಾಗಿ, ಹೊಟ್ಟೆ ತೆರೆದುಕೊಂಡು ಮಲಗಿತ್ತು. ಪಕ್ಕದಲ್ಲಿ ವೀಳ್ಯದೆಲೆಯ ಮೇಲೆ ಮೆಮೊರಿ ಕಾರ್ಡು, ಅದಕ್ಕೊಂದು ಸೇವಂತಿಗೆ ಹೂ.

"ಇದೇನ್ ಸಾರ್, ಪೇಷೆಂಟನ್ನ ಹೀಗ್ ಮಲಗಿಸ್ಬಿಟ್ಟಿದೀರಿ?" ಎಂದರು ನರಸಿಂಹಮೂರ್ತಿ.

"ನಾಳೆ ಇಂಪ್ಲಾಂಟು," ಎಂದರು ಇವರು, ಗಂಭೀರವಾಗಿ. "ಹತ್ರ ಬರ್ರಿ. ಮೊದಲ ರೇಡಿಯೇಟರ್ ಮುಟ್ಟಿ ಬರ್ರಿ."

ದೊಡ್ಡವ್ವ ತಿಳಿದವರು. ನೀರು ಚಿಮುಕಿಸಲಿಲ್ಲ, ಅರಿಸಿನ ಕುಂಕುಮವನ್ನು ಯಂತ್ರದ ಅಂಚಿಗಷ್ಟೇ ಹಚ್ಚಿದರು. ಆದರೆ ಅಕ್ಷತೆ ಇಲ್ಲದೆ ಯಾವ ಪೂಜೆ? "ಪಾಂಡೂ, ಯಜಮಾನ ನೀನು, ಮೊದಲ ನೀ ಹಾಕು," ಎಂದು ಬಟ್ಟಲನ್ನು ಇವರ ಮುಂದೆ ಹಿಡಿದರು.

ನನಗೆ ಮೈ ಉರಿಯಿತು. ದುಡಿಯುವವಳು ನಾನು, ಆಯುಧ ನನ್ನದು, ಯಜಮಾನರು ಇವರು. ಹಬ್ಬದ ದಿನ ರಂಪ ಬೇಡವೆಂದು ಹಲ್ಲು ಕಚ್ಚಿಕೊಂಡೆ. ಇವರು ಹಾಕಿದರು, ಗಾರ್ಗಿ ಹಾಕಿದಳು, ಉಷಾ ಹಾಕಿದರು. ನರಸಿಂಹಮೂರ್ತಿಯವರದು ಧಾರಾಳದ ಕೈ. ಧಾರೆಮಂಟಪದಲ್ಲಿ ನಿಂತವರಂತೆ ಹಿಡಿ ಹಿಡಿಯಾಗಿ ಎರಚಿದರು. ಆಮೇಲೆ ದೊಡ್ಡವ್ವ ಎಲ್ಲರನ್ನೂ ಸಾಲಾಗಿ ಕರೆದು ತಲೆಗೆ ಅಕ್ಷತೆ ಹಾಕಿ ಹರಸಿದರು. ಅಷ್ಟರಲ್ಲಿ ಹೆಂಚಿನ ಮೇಲಿನ ಹೋಳಿಗೆ ಸೀದ ವಾಸನೆ ಬಂದು ನಾನು ಒಳಗೆ ಓಡಿದೆ. ವಾಪಸು ಬರುವಷ್ಟರಲ್ಲಿ ಬಟ್ಟಲು ಖಾಲಿಯಾಗಿತ್ತು.

ಸೋಮವಾರ ಬೆಳಿಗ್ಗೆ ದೊಡ್ಡವ್ವ ಮಂಗಳಾರತಿ ಮಾಡಿ, ಮಣೆಯನ್ನು ಉತ್ತರಕ್ಕೆ ಒಂದಿಷ್ಟು ಸರಿಸಿ ಪೂಜೆ ಕದಲಿಸಿದರು. ಪಾಂಡುರಂಗ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದು, ರೇಡಿಯೇಟರ್ ಮುಟ್ಟಿ, ಆಪರೇಷನ್ನಿಗೆ ಹಾಕುವ ಭೂತಗನ್ನಡಿಯ ಕನ್ನಡಕ ಹಾಕಿಕೊಂಡು ಬಂದರು. ಲ್ಯಾಪ್‌ಟಾಪನ್ನು ಎತ್ತಿ ಹಿಡಿದು ಕೊಡವಿದಾಗ ಅಕ್ಷತೆ ಮಳೆಯಂತೆ ಸುರಿಯಿತು. ಬ್ರಷ್ಷಿನಿಂದ ಗುಡಿಸಿದರು, ಊದಿದರು. ಕಾರ್ಡನ್ನು ಖಾಲಿ ಜಾಗದಲ್ಲಿಟ್ಟು ಒತ್ತಿದರು. ಕೂಡಲಿಲ್ಲ. ಇನ್ನೂ ಒತ್ತಿದರು. ಕರ್ ಎಂದು ಕೂತಿತು.

ಸ್ವಿಚ್ ಹಾಕಿದರೆ ಪರದೆ ಕಪ್ಪು. ಒಳಗಿನಿಂದ ಉದ್ದಕ್ಕೆ ಕೂಗು, ಮತ್ತೆ ಕೂಗು. ಆರಿಸಿ, ತೆಗೆದು, ಮತ್ತೆ ಹಾಕಿದರು. ಅದೇ ಕಪ್ಪು, ಅದೇ ಕೂಗು. ಹೊಸ ಕಾರ್ಡು ತೆಗೆದರೆ ಯಂತ್ರ ಸಲೀಸಾಗಿ ಎದ್ದು ಕೂರುತ್ತಿತ್ತು, ಆದರೆ ಪ್ರೋಗ್ರಾಮು ಮೆಮೊರಿ ಸಾಲದು ಎಂದು ಹಳೆಯ ರಾಗ ಎಳೆಯುತ್ತಿತ್ತು. ಗಡಿಯಾರ ಎಂಟೂವರೆ ತೋರಿಸುತ್ತಿತ್ತು.

"ಕಾರ್ಡs ಖೊಟ್ಟಿ ಕಳಿಸ್ಯಾರ," ಎಂದರು ಇವರು. ಆಮೇಲೆ, "ಈ ಕಂಪ್ಯೂಟರs ಸುಮಾರು ಅದ." ಕೊನೆಗೆ, "ಬಾಡಿ ರಿಜೆಕ್ಟ್ ಮಾಡ್ಲಿಕತ್ತದ." ಕುಣಿಯಲಾರದವಳಿಗೆ ನೆಲ ಡೊಂಕಾದದ್ದು ಹೀಗೆಯೇ.

ಗಾರ್ಗಿ ಶಾಲೆಯ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು ನೋಡಿದಳು. "ಡ್ಯಾಡ್, ಯು ಬ್ರೋಕ್ ಮಮ್ಸ್ ಜಾಬ್," ಎಂದಳು. ಬಾಗಿಲು ಎಳೆದುಕೊಂಡು ಹೋದಳು.

ಅವರ ಮುಖ ಇಳಿದುಹೋಯಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾ ಹೊಸಾದs ತರಬೇಕಾಗಿತ್ತು, ವೇದಾ," ಎಂದರು, ಬಹಳ ಸಣ್ಣ ದನಿಯಲ್ಲಿ. ಶನಿವಾರದಿಂದ ನಾನು ಬೈಗುಳವನ್ನು ಪೋಣಿಸಿ ಇಟ್ಟುಕೊಂಡಿದ್ದೆ. ಬಾಯಿ ತೆರೆದರೆ ಅಳು ಬಂತು, ಅಷ್ಟೇ. ಹದಿನೇಳು ವರ್ಷ ಕಾದದ್ದು ಒಂದು ತುಂಡು ತಗಡಿಗೆ ಹೋಗುತ್ತಿದೆ ಎಂದು ಸಂಕಟವಾಯಿತು.

ದೊಡ್ಡವ್ವ ಮಾತ್ರ ನೆಲದ ಮೇಲೆ ಚೆಲ್ಲಿದ ಅಕ್ಷತೆಯನ್ನು ಯಾರೂ ತುಳಿಯಬಾರದೆಂದು ತಟ್ಟೆಗೆ ಆಯುತ್ತಿದ್ದರು. "ಅದರ ಹೊಟ್ಯಾಗ ಬಿದ್ದವೆಲ್ಲಾ ಹೊರಗ ಬಂದ್ವೇನ್ವಾ?" ಎಂದರು.

"ಎಲ್ಲಾ ಕ್ಲೀನ್ ಅದ, ದೊಡ್ಡವ್ವಾ. ಭೂತಗನ್ನಡಿ ಹಾಕ್ಕೊಂಡು ನೋಡೀನಿ," ಎಂದರು ಇವರು.

ನಾನು ಕಣ್ಣೊರೆಸಿಕೊಂಡು, ಬ್ಯಾಟರಿ ತೆಗೆಸಿ, ರೇಡಿಯೇಟರ್ ಮುಟ್ಟಿ, ಒಳಗೆ ಬಗ್ಗಿ ನೋಡಿದೆ. ಕಾರ್ಡು ಕೂರುವ ಸಂದಿನಲ್ಲಿ ಬಂಗಾರದ ಬಣ್ಣದ ಪುಟ್ಟ ಹಲ್ಲುಗಳ ಸಾಲು. ಎಲ್ಲ ಒಂದೇ ಹಳದಿ. ಅಕ್ಷತೆಯೂ ಹಳದಿ. ಇಷ್ಟು ಹೊಳೆದದ್ದೇ ತಡ, ಓದುವ ದೀಪವನ್ನು ತಂದು ಮೇಜಿಗೆ ಒರಗಿಸಿ, ಬೆಳಕು ಪಕ್ಕದಿಂದ ಬೀಳುವಂತೆ ಇಟ್ಟೆ. ಅಕ್ಕಿಯಲ್ಲಿ ಬಿಳಿ ಕಲ್ಲನ್ನು ಬಣ್ಣದಿಂದ ಹುಡುಕಿದರೆ ಸಿಗುವುದಿಲ್ಲ, ನೆರಳಿನಿಂದ ಹುಡುಕಬೇಕು. ಈ ದೇಶದ ಅಕ್ಕಿಯಲ್ಲಿ ಕಲ್ಲೇ ಇರುವುದಿಲ್ಲ. ಆದರೂ ನಾನು ದಿನಾ ಆರಿಸುತ್ತೇನೆ, ಇವರು ದಿನಾ ನಗುತ್ತಾರೆ.

ಸಾಲಿನಲ್ಲಿ ಒಂದು ಹಲ್ಲಿನ ನೆರಳು ದಪ್ಪಗಿತ್ತು.

ಗಾರ್ಗಿಯ ಕೋಣೆಗೆ ವೀಸಾ ಇಲ್ಲದೆ ನುಗ್ಗಿ, ಹುಬ್ಬು ಕೀಳುವ ಚಿಮಟ ತಂದೆ. ಉಸಿರು ಬಿಗಿಹಿಡಿದು ಎಳೆದೆ. ಬಂತು. ಅರಿಸಿನದಲ್ಲಿ ಅಂಟಿಕೊಂಡು ಗಟ್ಟಿಯಾಗಿದ್ದ ಒಂದು ಅಕ್ಷತೆ ಕಾಳು. ಹಲ್ಲುಗಳಿಗೇನೂ ಆಗಿರಲಿಲ್ಲ.

ಪಾಂಡುರಂಗ ಅದನ್ನು ನೋಡಿದರು, ನನ್ನನ್ನು ನೋಡಿದರು. ಕಾರ್ಡನ್ನು ಎತ್ತಿ ನನ್ನ ಕೈಗೆ ಕೊಟ್ಟರು. "ನೀನs ಹಾಕು," ಎಂದರು.

ಹಾಕಿದೆ. ಒತ್ತಬೇಕಾಗಲೇ ಇಲ್ಲ, ಟಕ್ ಎಂದು ಕೂತಿತು. ಸ್ವಿಚ್ ಹಾಕಿದರೆ ಪರದೆ ಬೆಳಗಿತು, ಪ್ರೋಗ್ರಾಮು ಬಾಯಿ ಮುಚ್ಚಿಕೊಂಡು ತೆರೆಯಿತು. ಇವರು ಖುಷಿಗೆ ಏನು ಮಾಡಬೇಕೆಂದು ತಿಳಿಯದೆ ಹೋಗಿ ಇನ್ನೊಮ್ಮೆ ರೇಡಿಯೇಟರ್ ಮುಟ್ಟಿ ಬಂದರು.

ದೊಡ್ಡವ್ವ ನನ್ನ ಅಂಗೈಯಿಂದ ಆ ಕಾಳನ್ನು ತೆಗೆದುಕೊಂಡರು. ಎಸೆಯುತ್ತಾರೆ ಎಂದುಕೊಂಡೆ. ಅವರು ನನ್ನನ್ನು ಎಳೆದು ಮುಂದೆ ನಿಲ್ಲಿಸಿಕೊಂಡರು.

"ನಿನ್ನೆ ಎಲ್ಲಾರ ತಲಿಗೂ ಹಾಕಿದೆ. ನೀ ಹೆಂಚಿನ ಮುಂದ ಇದ್ದಿ. ಇದು ನಿಂದವ್ವಾ. ನೀ ಸಿಗಲಿಲ್ಲಂತ ಇದರೊಳಗ ಹೋಗಿ ಕೂತದ." ಬೈತಲೆಯ ಮೇಲೆ ಕಾಳನ್ನಿಟ್ಟು ಒತ್ತಿದರು. "ಯಜಮಾನ ಅಂತ ನಾ ಅವನನ್ನ ಕರದದ್ದೂ ತಪ್ಪಾತು. ಯಜಮಾನಿ ನೀನು. ಛಂದಾಗಿ ದುಡಿ."

ನಾನು ಬಗ್ಗಿ ಅವರ ಕಾಲು ಮುಟ್ಟಿದೆ, ಕಾಳು ಬೀಳದಂತೆ ಕತ್ತು ನೆಟ್ಟಗಿಟ್ಟುಕೊಂಡು. ಆ ಹೊತ್ತಿನಲ್ಲಿ ಆದ ಸಂತೋಷ ನನಗೆ ಜಿಲ್ಲೆಗೆ ಮೊದಲು ಬಂದಾಗಲೂ ಆಗಿರಲಿಲ್ಲ.

ಒಂಬತ್ತಕ್ಕೆ ಟೇಪು ಬಂತು. ಕಿವಿಗೆ ಹಾಕಿಕೊಂಡೆ. ಯಾರೋ ಇಂಗ್ಲಿಷ್ ಡಾಕ್ಟರು, ಬಾಯಿತುಂಬ ಬಿಸ್ಕತ್ತು ಇಟ್ಟುಕೊಂಡವರಂತೆ ಗೊಣಗುತ್ತಿದ್ದರು. ಬೇರೆಯವರಾಗಿದ್ದರೆ ತಿಣುಕಾಡುತ್ತಿದ್ದರು. ನಾನು ಒಬ್ಬ ಡಾಕ್ಟರ ಗೊಣಗಾಟವನ್ನು ಊಟದ ಮೇಜಿನಲ್ಲಿ ವರ್ಷಗಟ್ಟಲೆ ಕೇಳಿದವಳು. ಒಂದಕ್ಷರ ಬಿಡದೆ ತಿಳಿಯಿತು. ಕೀಲಿಗಳ ಮೇಲೆ ಬಗ್ಗಿದಾಗ ಬೈತಲೆಯಿಂದ ಕಾಳು ಜಾರಿ ಎರಡು ಕೀಲಿಗಳ ನಡುವೆ ಬಿತ್ತು. ಅದು ಮತ್ತೆ ಹೊಟ್ಟೆ ಸೇರುವ ಮುಂಚೆ ಚಿಮಟದಿಂದ ಎತ್ತಿ ತಲೆಯ ಮೇಲಿಟ್ಟುಕೊಂಡೆ.

"ವೇದಾ," ಎಂದರು ಇವರು ಬಾಗಿಲಲ್ಲಿ ನಿಂತು, ಮೆಲ್ಲಗೆ. "ಮುಚ್ಚಳ ಹಾಕೋದು ಉಳೀತಲ್ಲ. ಒಂದು ಸ್ಕ್ರೂ ಬ್ಯಾರೆ ಕಾಣವಲ್ತು."

ನಾನು ತಿರುಗಿ ನೋಡದೆ, ಆಮೇಲೆ ಎಂದು ಕೈಸನ್ನೆ ಮಾಡಿದೆ. ನಾನು ಕೆಲಸದಲ್ಲಿದ್ದೆ.